ಎಣಿಸದೆ ಎಸೆದ ಕಡ್ಡಿಗಳು

2018ರಲ್ಲಿ ನಾನು ಮಸ್ಕತ್ತಿನ ಅಲ್ ಖೌದ್‌ನಲ್ಲಿದ್ದ ಒಂದು ಸಣ್ಣ ಖಾಸಗಿ ಕಾರ್ಯಾಗಾರದಲ್ಲಿ ಸೀನಿಯರ್ ಕನ್ಸರ್ವೇಶನ್ ಟೆಕ್ನಿಷಿಯನ್ ಆಗಿದ್ದೆ. ಹುದ್ದೆಯ ಹೆಸರು ಬಾಯಿ ತುಂಬುವಷ್ಟು ದೊಡ್ಡದು. ಕೆಲಸ ಮಾತ್ರ ಹಳೆಯ ಕಾಗದಪತ್ರಗಳ ರಿಪೇರಿ. ಒಮಾನಿನ ಹಳೆಯ ಮನೆತನಗಳ ಹಸ್ತಪ್ರತಿಗಳು, ಹಡಗಿನ ಪತ್ರಗಳು, ಖರ್ಜೂರದ ತೋಟದ ದಾಖಲೆಗಳು ಹುಳ ತಿಂದು, ನೀರು ಕುಡಿದು ನಮ್ಮಲ್ಲಿಗೆ ಬರುತ್ತಿದ್ದವು. ಅವನ್ನು ಓದುವ ಸ್ಥಿತಿಗೆ ತಂದು ಹಿಂತಿರುಗಿಸುವುದು ನನ್ನ ಹೊಣೆ. ಆ ವರ್ಷ ನನ್ನ ಕೈಯಿಂದ ಒಂದು ತಪ್ಪಾಯಿತು. ಅದರಿಂದ ಯಾರ ಜೀವವೂ ಹೋಗಲಿಲ್ಲ, ಯಾರ ಕೆಲಸವೂ ಹೋಗಲಿಲ್ಲ. ನೂರ ಎಂಬತ್ತು ವರ್ಷಗಳ ಹಿಂದೆ ಅಮೆರಿಕದಲ್ಲಿ ಸತ್ತ ಒಬ್ಬ ಹೆಂಗಸು ಯಾವ ದಿನ ಸತ್ತಳು ಎಂಬುದು ಮಾತ್ರ ಇನ್ನೆಂದೂ ತಿಳಿಯದ ಹಾಗಾಯಿತು.

ನಾನು ಶಿರ್ವದವನು. ಮಂಗಳೂರಿನ ಒಂದು ಪ್ರೆಸ್ಸಿನ ಬೈಂಡಿಂಗ್ ವಿಭಾಗದಲ್ಲಿ ಕೈ ಪಳಗಿಸಿಕೊಂಡು, 1989ರಲ್ಲಿ ಮಸ್ಕತ್ತಿನ ರೂವಿಯ ಮುದ್ರಣಾಲಯವೊಂದಕ್ಕೆ ಬಂದೆ. ಹದಿನೈದು ವರ್ಷದ ನಂತರ ಈ ಕಾರ್ಯಾಗಾರ ಸೇರಿದೆ. ಡಿಗ್ರಿ ಇಲ್ಲದಿದ್ದರೂ ನನ್ನ ಕೈಯ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿತ್ತು. ವಿದೇಶದಲ್ಲಿ ಕಲಿತು ಬಂದವರು ಯಂತ್ರದಲ್ಲಿ ಅಳೆಯುವ ತೇವವನ್ನು ನಾನು ಹೆಬ್ಬೆರಳಿನಲ್ಲಿ ಹೇಳುತ್ತೇನೆ ಎಂದು ಹೊಸಬರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಆ ಜಂಬಕ್ಕೂ ಈ ಕಥೆಯಲ್ಲಿ ಪಾಲಿದೆ.

ಮಾರ್ಚ್ ಮೊದಲ ವಾರ ಮಸ್ಕತ್ತಿನ ಖುರುಮ್‌ನಿಂದ ರೇಮಂಡ್ ಎಂಬ ಎಪ್ಪತ್ತೆಂಟು ವರ್ಷದ ಅಮೆರಿಕನ್ನರು ಬಂದರು. ಇಪ್ಪತ್ತಾರು ವರ್ಷ ಒಮಾನಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಮನೆ ಖಾಲಿ ಮಾಡಿ ಮೂರು ವಾರದಲ್ಲಿ ಒಕ್ಲಹೋಮಾಕ್ಕೆ, ತಮ್ಮ ಅಕ್ಕನ ಬಳಿಗೆ ಹೊರಟಿದ್ದರು. ಕೈಯಲ್ಲಿ ಒಂದು ತಗಡಿನ ಕೊಳವೆ. ಅದರೊಳಗೆ ಸುರುಳಿ ಸುತ್ತಿದ ಕಾಗದ, ಎಂದೋ ಒದ್ದೆಯಾಗಿ ಪದರಕ್ಕೆ ಪದರ ಅಂಟಿ, ಒಣಗಿ ಮರದ ತುಂಡಿನ ಹಾಗಾಗಿತ್ತು. ರೇಮಂಡ್ ಚಿಕ್ಕವರಿದ್ದಾಗ ಮನೆಯ ಮಾಡು ಸೋರಿ ಹಾಗಾಯಿತಂತೆ. ಅಂದಿನಿಂದ ಯಾರೂ ಅದನ್ನು ಬಿಚ್ಚುವ ಧೈರ್ಯ ಮಾಡಿರಲಿಲ್ಲ.

“ನಮ್ಮ ತಂದೆಯ ಕಡೆಯವರು ಕ್ರೀಕ್ ಜನ,” ಎಂದರು. ಅಮೆರಿಕದ ಮೂಲನಿವಾಸಿಗಳೆಂದರೆ ನನಗೆ ಗೊತ್ತಿದ್ದದ್ದು ಸಿನಿಮಾದ ಗರಿ ಕಿರೀಟ, ಕುದುರೆ ಅಷ್ಟೇ. ಹಾಗೆಂದು ಹೇಳಿಯೂ ಬಿಟ್ಟೆ. ಅವರು ಬೇಸರಿಸಲಿಲ್ಲ. ತಮ್ಮವರು ನದಿ ದಡದಲ್ಲಿ ಊರು ಕಟ್ಟಿಕೊಂಡು ಮೆಕ್ಕೆಜೋಳ ಬೆಳೆಯುತ್ತಿದ್ದವರು ಎಂದು ಕುರ್ಚಿ ಎಳೆದುಕೊಂಡು ಹೇಳತೊಡಗಿದರು. ಮೇಷ್ಟ್ರಲ್ಲವೇ, ಹೇಳಿದ್ದೆಲ್ಲ ನನಗೆ ಇಂದಿಗೂ ನೆನಪಿದೆ.

1814ರ ಹೊತ್ತಿಗೆ ಕ್ರೀಕರಲ್ಲೇ ಎರಡು ಪಂಗಡವಾಗಿತ್ತು. ಒಂದು ಪಂಗಡ ಅಮೆರಿಕದ ಸೈನ್ಯದ ಜೊತೆ ನಿಂತು ಇನ್ನೊಂದರ ಮೇಲೆ ಹೋರಾಡಿತು. ಯುದ್ಧ ಗೆದ್ದ ಮೇಲೆ ಸೈನ್ಯ ಒಪ್ಪಂದದ ಕಾಗದ ಮುಂದಿಟ್ಟು ಎರಡು ಕೋಟಿಗೂ ಹೆಚ್ಚು ಎಕರೆ ನೆಲ ಬರೆಸಿಕೊಂಡಿತು. ಆ ನೆಲದಲ್ಲಿ ಸೋತವರದಷ್ಟೇ ಅಲ್ಲ, ಜೊತೆಯಲ್ಲಿ ನಿಂತು ಗೆಲ್ಲಿಸಿದವರದೂ ಇತ್ತು. ಮುಂದೆ 1836ರಲ್ಲಿ ಉಳಿದ ನೆಲದಿಂದಲೂ ಅವರನ್ನು ಪಶ್ಚಿಮಕ್ಕೆ ಎಬ್ಬಿಸಿ ಕಳಿಸುವಾಗ ಸೈನ್ಯಕ್ಕೆ ಮತ್ತೆ ಕ್ರೀಕರ ಅಗತ್ಯ ಬಿತ್ತು. ಫ್ಲಾರಿಡಾದ ಜೌಗು ಕಾಡಿನಲ್ಲಿ ಸೆಮಿನೋಲ್ ಜನ ಬಗ್ಗದೆ ಹೋರಾಡುತ್ತಿದ್ದರು. ಸೆಮಿನೋಲರಲ್ಲಿ ಬಹಳ ಜನ ಹಿಂದೆ ದಕ್ಷಿಣಕ್ಕೆ ಹೋಗಿ ನೆಲೆಸಿದ ಕ್ರೀಕರೇ. ಅವರನ್ನು ಹಿಡಿಯಲು ಅವರಂಥವರೇ ಬೇಕಿತ್ತು. ನೀವು ನಮ್ಮ ಜೊತೆ ಬನ್ನಿ, ನೀವು ತಿರುಗಿ ಬರುವ ತನಕ ನಿಮ್ಮ ಹೆಂಡತಿ ಮಕ್ಕಳು ಇದ್ದಲ್ಲೇ ಇರಲಿ, ನಾವು ಕಾಯುತ್ತೇವೆ ಎಂದು ಸೈನ್ಯ ಮಾತು ಕೊಟ್ಟಿತು. ಏಳುನೂರಕ್ಕೂ ಹೆಚ್ಚು ಗಂಡಸರು ಹೋದರು. ಅವರಲ್ಲಿ ಒಬ್ಬರು ರೇಮಂಡರ ಮುತ್ತಜ್ಜನ ತಂದೆ.

“ಹೆಂಡತಿಯ ಜಾಗ ಉಳಿಯಲಿ ಅಂತ ತನ್ನ ನೆಂಟರ ಮೇಲೆಯೇ ಬಂದೂಕು ಹಿಡಿಯಲು ಹೋದವನು,” ಎಂದರು. “ಆ ಮಾತು ಕೊಟ್ಟ ಕಾಗದ ಇದರೊಳಗಿದೆ. ಯಾವ ದಿನದೊಳಗೆ ಗಂಡಸರನ್ನು ವಾಪಸು ಕಳಿಸುತ್ತೇವೆ ಅಂತ ಅದರಲ್ಲಿ ಬರೆದಿದೆಯಂತೆ. ನನ್ನ ಅಕ್ಕನಿಗೆ ಎಂಬತ್ತನಾಲ್ಕು, ಕಣ್ಣು ಕಾಣುವುದಿಲ್ಲ. ಆ ತಾರೀಖು ಸಿಕ್ಕಿದರೆ ನಮ್ಮ ಲೆಕ್ಕ ಪೂರ್ತಿಯಾಗುತ್ತದೆ.”

ಯಾವ ಲೆಕ್ಕ ಎಂದು ನಾನು ಕೇಳಲಿಲ್ಲ. ಗಿರಾಕಿಗಳು ಹೀಗೆ ಏನೇನೋ ಹೇಳುತ್ತಾರೆ, ತಲೆಯಾಡಿಸುವುದು ನನಗೆ ಅಭ್ಯಾಸವಾಗಿತ್ತು. ಹೊರಡುವಾಗ ಬಾಗಿಲಲ್ಲಿ ನಿಂತು, “ಒಳಗೆ ಏನೇನಿದೆಯೋ ಎಲ್ಲವೂ ನನಗೆ ಬೇಕು,” ಎಂದರು. ಅದಕ್ಕೂ ತಲೆಯಾಡಿಸಿದೆ.

ಇಂಥ ಸುರುಳಿಯನ್ನು ಕೈಯಿಂದ ಬಿಡಿಸಹೋದರೆ ಹಪ್ಪಳದಂತೆ ಮುರಿಯುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗೆ ತಣ್ಣನೆಯ ಮಂಜು ಬಿಟ್ಟು, ದಿನಗಟ್ಟಲೆ ತೇವ ಕುಡಿಸಿ ಮೆತ್ತಗೆ ಮಾಡಬೇಕು. ತೇವ ಹೆಚ್ಚಾದರೆ ಆ ಕಾಲದ ಕಬ್ಬಿಣದ ಶಾಯಿ ಕಲಸಿಹೋಗುತ್ತದೆ, ಕಡಿಮೆಯಾದರೆ ಪದರ ಬಿಡುವುದಿಲ್ಲ. ಭಾನುವಾರ ಪೆಟ್ಟಿಗೆಯಲ್ಲಿಟ್ಟೆ. ಬುಧವಾರ ಬೆಳಿಗ್ಗೆ ಹೊರ ಅಂಚು ಎದ್ದಿತು. ಮಧ್ಯಾಹ್ನದ ಊಟ ಬಿಟ್ಟು ಐದು ಗಂಟೆ ಕೂತು ಬಿಡಿಸಿದೆ. ಎರಡು ಹಾಳೆ, ಒಂದು ಅಕ್ಷರವೂ ಹೋಗಲಿಲ್ಲ. ಅಷ್ಟು ಚೆನ್ನಾದ ಕೆಲಸ ನಾನು ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ.

ಸುರುಳಿಯ ನಡುವೆ ಕಡ್ಡಿಗಳ ಒಂದು ಕಟ್ಟು ಇತ್ತು. ಬೆರಳುದ್ದದ, ಹಿಡಿಸೂಡಿ ಪೊರಕೆಯ ಕಡ್ಡಿಯಷ್ಟು ಸಪೂರದ ಕಡ್ಡಿಗಳು. ಕಟ್ಟಿದ್ದ ಚರ್ಮದ ದಾರ ಮುಟ್ಟಿದ ಕೂಡಲೇ ಪುಡಿಯಾಯಿತು. ನನಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ. ಮಂಗಳೂರಿನ ಪ್ರೆಸ್ಸಿನಲ್ಲಿ ನಕ್ಷೆಗಳನ್ನು ಸುತ್ತುವಾಗ ಒಳಗೆ ತೆಂಗಿನ ಕಡ್ಡಿಯ ಕಟ್ಟು ಇಡುತ್ತಿದ್ದೆವು, ಸುರುಳಿ ಜಜ್ಜಿಹೋಗದಿರಲಿ ಎಂದು. ಈ ಕಾಗದ ಬರೆದು ಸುತ್ತಿಟ್ಟ ಅಮೆರಿಕನ್ ಗುಮಾಸ್ತನೂ ನಮ್ಮ ಫೋರ್‌ಮನ್ನಿನ ಹಾಗೆ ಬುದ್ಧಿವಂತ ಎಂದುಕೊಂಡೆ. ಕಡ್ಡಿಗಳಿಂದ ಹಳದಿ ಪುಡಿ ಉದುರುತ್ತಿತ್ತು, ಅದರಲ್ಲಿ ಒಂದು ಹುಳ ಹರಿದಾಡಿತು. ಪಕ್ಕದ ಕೋಣೆಯಲ್ಲಿ ನಾಲ್ಕು ಮನೆತನಗಳ ಹಸ್ತಪ್ರತಿಗಳಿದ್ದವು. ಜೀವಂತ ಹುಳವಿರುವ ಮರದ ಚೂರನ್ನು ಆ ದಿನವೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಡದಾಚೆ ಕಳಿಸಬೇಕೆಂಬುದು ನಮ್ಮ ನಿಯಮ. ಕಡ್ಡಿಗಳನ್ನೆಲ್ಲ ಅಂಗೈಗೆ ಬಳಿದುಕೊಂಡು ಚೀಲಕ್ಕೆ ಹಾಕಿದೆ. ಉಪ್ಪಿನಂಗಡಿಯ ಹಮೀದಾಕ ನಮ್ಮಲ್ಲಿ ಸ್ಟೋರು ಮತ್ತು ಸ್ವಚ್ಛತೆಯ ಮೇಲ್ವಿಚಾರಕರು. ಚೀಲವನ್ನು ಅವರ ಕೈಗೆ ಕೊಟ್ಟೆ.

ಕೆಲಸದ ನಂತರ ಕಂಡೀಶನ್ ರಿಪೋರ್ಟ್ ಎಂಬ ಫಾರಂ ತುಂಬಿಸಬೇಕು. ಹಾಳೆ ಎರಡು. ಉದ್ದ ಅಗಲ ಮಿಲಿಮೀಟರಿನಲ್ಲಿ. ಹರಿದ ಜಾಗ ಹನ್ನೊಂದು, ಹುಳದ ತೂತು ಮೂವತ್ತೇಳು. ಕೊನೆಯ ಅಂಕಣ ‘ಇತರೆ’. ಅದರಲ್ಲಿ ಇಂಗ್ಲಿಷಿನಲ್ಲಿ ಬರೆದೆ: ಕೆಲವು ಕಡ್ಡಿಗಳು, ಹುಳ ಹಿಡಿದಿವೆ, ವಿಲೇವಾರಿ ಮಾಡಲಾಗಿದೆ.

ಮುಂದಿನ ಭಾನುವಾರ ರೇಮಂಡ್ ಬಂದರು. ಗಾಜಿನ ಮೇಜಿನ ಮೇಲೆ ಎರಡೂ ಹಾಳೆಗಳನ್ನು ಚಪ್ಪಟೆ ಮಾಡಿ ಇಟ್ಟಿದ್ದೆ. ಒಂದು, ಮುತ್ತಜ್ಜನ ತಂದೆಯನ್ನು 1837ರ ಸೆಪ್ಟೆಂಬರಿನಲ್ಲಿ ಸೈನ್ಯದಿಂದ ಬಿಡುಗಡೆ ಮಾಡಿದ ಪತ್ರ. ಇನ್ನೊಂದು, ಮಾತು ಕೊಟ್ಟ ಕಾಗದ. ಅದರಲ್ಲಿ ಒಂದು ಊರಿನ ಇಪ್ಪತ್ತಮೂರು ಗಂಡಸರ ಹೆಸರು, ಗುಮಾಸ್ತನ ಕಿವಿಗೆ ಬಿದ್ದ ಹಾಗೆ, ಅಂಕೆ ಹಾಕಿ ಬರೆದಿತ್ತು. ಹದಿನಾಲ್ಕನೆಯದು ಅವರ ಹಿರಿಯರದು. ಇವರೆಲ್ಲ ಸೈನ್ಯದ ಜೊತೆ ಫ್ಲಾರಿಡಾದಲ್ಲಿದ್ದಾರೆ, ಫೆಬ್ರವರಿ ಒಂದರೊಳಗೆ ಮರಳುತ್ತಾರೆ, ಅಲ್ಲಿಯ ತನಕ ಈ ಶಿಬಿರದಲ್ಲಿರುವ, ಇವರಿಗೆ ಸೇರಿದ ಕೆಲವು ಹೆಂಗಸರು ಮಕ್ಕಳಿಗೆ ಯಾರೂ ತೊಂದರೆ ಕೊಡಬಾರದು. ಕೆಳಗೆ ಅಧಿಕಾರಿಯ ಸಹಿ.

“ಫೆಬ್ರವರಿ ಒಂದು,” ಎಂದು ರೇಮಂಡ್ ಎರಡು ಸಲ ಹೇಳಿಕೊಂಡರು. ಕನ್ನಡಕ ತೆಗೆದು ಒರೆಸಿದರು. ನನ್ನ ಕೈ ಹಿಡಿದು ಕುಲುಕಿದರು. ನಾನು ಉಬ್ಬಿಹೋದೆ. ಆಮೇಲೆ ಮೇಜಿನ ಆ ಕಡೆ ಈ ಕಡೆ ನೋಡಿ, ಮೆಲ್ಲಗೆ ಕೇಳಿದರು. “ಕಡ್ಡಿಗಳೇನಾದರೂ ಉಳಿದಿದ್ದವೇ?”

ಹುಳ ಹಿಡಿದಿದ್ದವು, ತೆಗೆದುಹಾಕಿದೆ ಎಂದೆ. ಅದನ್ನೂ ಒಂದು ಉಪಕಾರ ಮಾಡಿದವನ ದನಿಯಲ್ಲಿ ಹೇಳಿದೆ.

ಅವರು ಕುರ್ಚಿಯಲ್ಲಿ ಕೂತರು. ನಾನೇ ಏನೆಂದು ಕೇಳಿದ ಮೇಲೆ ಹೇಳಿದರು.

ಕ್ರೀಕರಲ್ಲಿ ದೂರದ ಊರುಗಳು ಒಂದು ದಿನ ಸೇರಬೇಕಾದರೆ ಎಲ್ಲ ಊರಿಗೂ ಅಷ್ಟಷ್ಟೇ ಕಡ್ಡಿಗಳ ಕಟ್ಟು ಕಳಿಸುತ್ತಿದ್ದರು. ದಿನಕ್ಕೊಂದು ಕಡ್ಡಿ ಎಸೆಯುವುದು. ಕಟ್ಟು ಖಾಲಿಯಾದ ದಿನ ಎಲ್ಲರೂ ಬಂದು ಸೇರುವುದು. ಸೈನ್ಯಕ್ಕೆ ಹೊರಡುವಾಗ ಗಂಡ ಹೆಂಡತಿ ಇಬ್ಬರೂ ಫೆಬ್ರವರಿ ಒಂದಕ್ಕೆ ಮುಗಿಯುವ ಹಾಗೆ ಕಡ್ಡಿ ಕಡಿದು ಹಂಚಿಕೊಂಡರು. ಅವಳ ಕಟ್ಟು ಖಾಲಿಯಾಯಿತು, ಗಂಡ ಬರಲಿಲ್ಲ. ಯುದ್ಧ ಮುಗಿದಿಲ್ಲವೆಂದು ಸೈನ್ಯ ಅವರನ್ನು ಬಿಡಲಿಲ್ಲ. ಇತ್ತ ಗಂಡಸರಿಲ್ಲದ ಶಿಬಿರಗಳ ಮೇಲೆ ಬಿಳಿಯರ ಸ್ಥಳೀಯ ಪಡೆಗಳು ಬಿದ್ದವು. ಕಾಯುತ್ತೇವೆಂದ ಸೈನ್ಯ, ಉಳಿದವರನ್ನು ಎಬ್ಬಿಸಿ ಸಮುದ್ರ ತೀರದ ಮರಳಿಗೆ ಸಾಗಿಸಿತು. ಅಲ್ಲಿ ಜ್ವರ, ಭೇದಿ. ಜನ ದಿನವೂ ಸಾಯುತ್ತಿದ್ದರು. ಆ ಹೆಂಗಸು ಫೆಬ್ರವರಿ ಎರಡರಿಂದ ದಿನಕ್ಕೊಂದು ಕಡ್ಡಿ ಹೆಕ್ಕಿ ಹೊಸ ಕಟ್ಟಿಗೆ ಸೇರಿಸುತ್ತ ಬಂದಳು. ಅವನು ಎಷ್ಟು ದಿನ ತಡ ಮಾಡಿದ ಎಂದು ತೋರಿಸಲು. ಒಂದು ದಿನ ಅವಳೂ ಹೋದಳು. ಸೆಪ್ಟೆಂಬರಿನಲ್ಲಿ ಬಂದ ಗಂಡನಿಗೆ ಅವಳ ತಾಯಿ ಕೊಟ್ಟದ್ದು ಒಂದು ಮಗು ಮತ್ತು ಆ ಕಟ್ಟು.

“ಅವಳ ಹೆಸರು ಎಲ್ಲೂ ಇಲ್ಲ. ಗೋರಿ ಇಲ್ಲ. ನಮ್ಮ ಮನೆಯಲ್ಲಿ ಸತ್ತ ಪ್ರತಿಯೊಬ್ಬರ ದಿನವೂ ಗೊತ್ತು, ಅವಳದೊಂದೇ ಇಲ್ಲ,” ಎಂದರು ರೇಮಂಡ್. “ಒದ್ದೆಯಾಗುವ ಮೊದಲು ಯಾರೂ ಎಣಿಸಿ ಬರೆದಿಡಲಿಲ್ಲ. ಕಡ್ಡಿ ಎಣಿಸಿ ಫೆಬ್ರವರಿ ಒಂದಕ್ಕೆ ಕೂಡಿಸಿದರೆ ಸಿಗುತ್ತಿತ್ತು.”

“ನನಗೆ ಮೊದಲೇ ಹೇಳಬಾರದಿತ್ತೇ ಸರ್,” ಎಂದುಬಿಟ್ಟೆ.

“ಕೊಳೆತು ಮಣ್ಣಾಗಿರಬಹುದು ಅಂದುಕೊಂಡಿದ್ದೆ. ಹೇಳಿ, ಆಮೇಲೆ ಇಲ್ಲ ಅನ್ನುವುದನ್ನು ನಿಮ್ಮ ಬಾಯಲ್ಲಿ ಕೇಳುವುದು ಬೇಡ ಅಂತ ಸುಮ್ಮನಿದ್ದೆ,” ಎಂದರು.

ಅವರು ಹೇಳುತ್ತಿದ್ದ ಕಟ್ಟನ್ನು ನಾನು ಬೇರೊಂದು ರೂಪದಲ್ಲಿ ನೋಡಿದವನು. ರೂವಿಯ ಮುದ್ರಣಾಲಯದವರು ಎರಡು ವರ್ಷಕ್ಕೆ ರಜೆ ಎಂದು ಬರೆದುಕೊಟ್ಟಿದ್ದರು. ಎರಡು ವರ್ಷವಾದಾಗ ನನ್ನ ಜಾಗಕ್ಕೆ ಜನ ಸಿಕ್ಕಿಲ್ಲವೆಂದು ಕಫೀಲ್, ಅಂದರೆ ನನ್ನ ವೀಸಾ ಕೊಟ್ಟ ಧಣಿ, ಪಾಸ್‌ಪೋರ್ಟ್ ಕೊಡಲಿಲ್ಲ. ಏಳು ತಿಂಗಳು ತಡವಾಗಿ ಊರಿಗೆ ಹೋದೆ. ನನ್ನ ಹೆಂಡತಿ ಸಿಸಿಲಿಯಾ ಅಷ್ಟೂ ದಿನ ಗೋಡೆಯ ಕ್ಯಾಲೆಂಡರಿನಿಂದ ದಿನಕ್ಕೊಂದು ಹಾಳೆ ಹರಿದು, ಎಸೆಯದೆ, ಒಂದು ದೊಡ್ಡ ಪಿನ್ನಿಗೆ ಚುಚ್ಚಿಟ್ಟಿದ್ದಳು. ಜಗಳಕ್ಕೆ ಸಾಕ್ಷಿ ಬೇಕಿತ್ತಂತೆ. ಇನ್ನೂರ ಹದಿಮೂರು ಹಾಳೆ. ಆ ಸಂಖ್ಯೆಯನ್ನು ನಾನು ಸಾಯುವ ತನಕ ಮರೆಯುವವನಲ್ಲ. ಅಂಥ ನಾನೇ ಇನ್ನೊಬ್ಬಳ ಕಟ್ಟನ್ನು ಅಂಗೈಯಲ್ಲಿ ಬಳಿದು ಎಸೆದಿದ್ದೆ.

ಫಾರಂ ತೆಗೆದು ನೋಡಿದೆ. ಹುಳದ ತೂತು ಮೂವತ್ತೇಳು. ಕಡ್ಡಿ ‘ಕೆಲವು’. ಹೊರಗಿನಿಂದ ತೆಗೆದ ಫೋಟೋ ಒಂದಿತ್ತು, ಅದರಲ್ಲಿ ಸುರುಳಿಯ ನಡುವೆ ಬರೀ ಕಪ್ಪು.

ಹಮೀದಾಕರನ್ನು ಕರೆದು ಚೀಲ ಎಲ್ಲಿ ಎಂದೆ.

“ಎಂತ ಪೊರ್ಬುಗಳೇ, ನೀವೇ ಬಿಸಾಡ್ಲಿಕ್ಕೆ ಕೊಟ್ಟದ್ದಲ್ವಾ? ಗುರುವಾರ ಗಾಡಿ ತಗೊಂಡು ಹೋಗಿ ಆಯ್ತು, ಖಲಾಸ್,” ಎಂದರು. ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ ಅವರು ನನ್ನನ್ನು ಕರೆಯುತ್ತಿದ್ದದ್ದೇ ಪೊರ್ಬುಗಳೇ ಎಂದು. ನನ್ನ ಮುಖ ನೋಡಿ ಮತ್ತೇನೂ ಕೇಳದೆ ಪಿಕಪ್ಪಿನ ಕೀ ತೆಗೆದುಕೊಂಡರು. “ಯಲ್ಲಾ, ಹೊರಡಿ, ನೋಡಿಕೊಂಡಾದ್ರೂ ಬರುವ.”

ಊರಾಚೆಯ ಕಸದ ಬಯಲಿನಲ್ಲಿ ಗೇಟಿನ ಪಠಾಣ ನಮ್ಮನ್ನು ಒಳಗೆ ಬಿಡುವ ಮೊದಲೇ ಕೈಯಾಡಿಸಿದ. “ಗುರುವಾರದ್ದಾ ಭಾಯಿ? ಅದರ ಮೇಲೆ ಮೂರು ದಿನದ ಮಣ್ಣು ಬಿದ್ದಿದೆ,” ಎಂದು ಹಿಂದಿಯಲ್ಲಿ ಹೇಳಿದ. ಬಿಸಿಲಿನಲ್ಲಿ ಬುಲ್‌ಡೋಜರ್ ಹಿಂದೆ ಮುಂದೆ ಓಡಾಡುತ್ತಿತ್ತು. ಹತ್ತು ನಿಮಿಷ ಅದನ್ನೇ ನೋಡುತ್ತ ನಿಂತು ಬಂದೆವು.

ವಾಪಸು ಬಂದಾಗ ರೇಮಂಡ್ ಅದೇ ಕುರ್ಚಿಯಲ್ಲಿದ್ದರು. ನನಗೆ ಒಂದು ಹುಚ್ಚು ಯೋಚನೆ ಹೊಳೆಯಿತು. ಕಡ್ಡಿಗಳನ್ನು ಕೈಯಲ್ಲಿ ಹಿಡಿದವನು ನಾನು, ನನ್ನ ಕೈಗೆ ಅಳತೆ ಗೊತ್ತಿರಲೇಬೇಕು. ಹಮೀದಾಕ ಸ್ಟೋರಿನಿಂದ ಹಿಡಿಸೂಡಿ ತಂದರು. ಕಡ್ಡಿಗಳನ್ನು ಬೆರಳುದ್ದಕ್ಕೆ ಮುರಿದೆವು. ಕಣ್ಣು ಮುಚ್ಚಿ, ಬುಧವಾರದಂದು ಅಂಗೈ ತುಂಬಿದ್ದ ಹಾಗೆ ತುಂಬಿಸಿ ಮುಷ್ಟಿ ಹಿಡಿದೆ. ಎಣಿಸಿದರೆ ನೂರ ಮೂವತ್ತನಾಲ್ಕು. ಸರಿಯಿಲ್ಲ ಅನ್ನಿಸಿತು. ಎರಡನೆಯ ಸಲ ನೂರ ಐವತ್ತೊಂದು. ಮೂರನೆಯ ಸಲ ನೂರ ಇಪ್ಪತ್ತೆರಡು. ತೇವವನ್ನು ಹೆಬ್ಬೆರಳಿನಲ್ಲಿ ಹೇಳುವ ಕೈಗೆ ಇದು ಗೊತ್ತಿರಲಿಲ್ಲ.

ನಾಲ್ಕನೆಯ ಸಲ ಕೈ ಹಾಕಿದಾಗ ರೇಮಂಡ್ ನನ್ನ ಮಣಿಕಟ್ಟು ಹಿಡಿದುಕೊಂಡರು. “ಸಾಕು. ಇದು ನಿಮ್ಮ ಕೈಯ ಲೆಕ್ಕ. ಅವಳನ್ನು ಮೂರು ಮೂರು ಸಲ ಸಾಯಿಸುವುದು ಬೇಡ,” ಎಂದರು.

ಹಮೀದಾಕ ನೆಲದಲ್ಲಿ ಕೂತು ಕಡ್ಡಿಗಳನ್ನು ಒಂದೊಂದಾಗಿ ಹೆಕ್ಕಿದರು. ಗುಡಿಸಲಿಲ್ಲ. ನಾನು ರೇಮಂಡರ ಎದುರಿಗೇ ಅತ್ತೆ. ಐವತ್ತಾರರ ವಯಸ್ಸಿನಲ್ಲಿ ಆಫೀಸಿನಲ್ಲಿ ಅತ್ತದ್ದಕ್ಕೆ ನನಗೆ ಈಗಲೂ ನಾಚಿಕೆಯಿಲ್ಲ. ಸಂಜೆ ನಮ್ಮ ಮುಖ್ಯಸ್ಥೆಯ ಬಳಿ ಹೋಗಿ ತಪ್ಪು ನನ್ನದೆಂದು ಬರೆದುಕೊಟ್ಟೆ. ಅವರು ಓದಿ, ನೀವು ನಿಯಮದಂತೆಯೇ ನಡೆದಿದ್ದೀರಿ ಎಂದು ಹಿಂತಿರುಗಿಸಿದರು. ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ಆ ಕಾಗದ ಬರೆದ ಸೈನ್ಯದ ಗುಮಾಸ್ತನೂ ನಿಯಮದಂತೆಯೇ ನಡೆದಿರಬೇಕು. ಅವನಿಗೆ ಬೇಕಾಗಿದ್ದದ್ದು ಬಂದೂಕು ಹಿಡಿಯುವವರು. ಅವರಿಗೆ ಒಂದರಿಂದ ಇಪ್ಪತ್ತಮೂರರ ತನಕ ಅಂಕೆ ಹಾಕಿದ. ಹೆಂಗಸರು ಮಕ್ಕಳು ಅವನ ಫಾರಮ್ಮಿನ ‘ಇತರೆ’. ‘ಕೆಲವು’ ಎಂದು ಬರೆದು ಎದ್ದುಹೋದ. ಆಮೇಲೆ ಅವರನ್ನು ಮರಳಿಗೆ ಸಾಗಿಸಿದಾಗ, ಎಷ್ಟು ಜನ ಹೋದರು, ಎಷ್ಟು ಜನ ಉಳಿದರು ಎಂದು ಆ ಕಾಗದವನ್ನು ಮುಂದಿಟ್ಟು ಯಾರೂ ಕೇಳುವ ಹಾಗಿರಲಿಲ್ಲ. ನಾನು ಅವನ ಕಾಗದವನ್ನು ಐದು ಗಂಟೆ ಕೂತು ಉಳಿಸಿದೆ, ಅವಳ ಕಾಗದವನ್ನು ಒಂದು ನಿಮಿಷದಲ್ಲಿ ಎಸೆದೆ. ಅವಳಿಗೆ ಬರೆಯಲು ಬರುತ್ತಿರಲಿಲ್ಲ, ಅದಕ್ಕೇ ಅದು ಕಾಗದವೆಂದು ನನಗೆ ತಿಳಿಯಲಿಲ್ಲ.

ಜೂನ್ ತಿಂಗಳಲ್ಲಿ ರೇಮಂಡರಿಂದ ಒಂದು ಇಮೇಲ್ ಬಂತು. ಕಟ್ಟನ್ನು ತಾನೇ ಮಸ್ಕತ್ತಿನ ಮನೆಯಲ್ಲಿ ಬಿಚ್ಚಿ, ಎಣಿಸದೆ ಎಸೆದೆ ಎಂದು ಅಕ್ಕನಿಗೆ ಹೇಳಿದರಂತೆ. ಅಕ್ಕ ಎರಡು ವಾರ ಮಾತು ಬಿಟ್ಟಳಂತೆ. ಆಮೇಲೆ ಒಂದು ದಿನ ಕಾಗದ ತರಿಸಿಕೊಂಡು, ಫೆಬ್ರವರಿ ಒಂದು ಎಂದು ಬರೆದದ್ದು ಎಲ್ಲಿ, ತನ್ನ ಬೆರಳು ಅಲ್ಲಿಡು ಎಂದಳಂತೆ. ಬೆರಳಿಟ್ಟುಕೊಂಡೇ, ಅವಳು ಸತ್ತ ದಿನ ಸಿಗದಿದ್ದರೆ ಅವಳಿಗೆ ಕೊಟ್ಟ ಮಾತು ಸತ್ತ ದಿನವನ್ನೇ ಅವಳ ದಿನವೆಂದು ಇಟ್ಟುಕೊಳ್ಳೋಣ ಎಂದಳಂತೆ. ಇಮೇಲಿನಲ್ಲಿ ನನ್ನ ಮೇಲೆ ಒಂದು ದೂರೂ ಇರಲಿಲ್ಲ. ಎರಡು ವಾರದ ಆ ಮೌನ ನನ್ನ ಪಾಲಿನದು. ಅದನ್ನು ಅವರು ಹೊತ್ತರು.

ಆಮೇಲೆ ಮೂರು ವರ್ಷ ಕೆಲಸ ಮಾಡಿ 2021ರಲ್ಲಿ ನಿವೃತ್ತನಾದೆ. ಆ ಮೂರು ವರ್ಷದಲ್ಲಿ ನನ್ನ ಯಾವ ಫಾರಮ್ಮಿನಲ್ಲೂ ‘ಕೆಲವು’ ಎಂಬ ಮಾತಿಲ್ಲ. ಪುಸ್ತಕದ ಹೊಲಿಗೆಯಲ್ಲಿ ಸಿಕ್ಕ ಕೂದಲು, ಖರ್ಜೂರದ ಬೀಜ, ಮುರಿದ ಗುಂಡಿ, ಎಲ್ಲಕ್ಕೂ ಸಂಖ್ಯೆ ಇದೆ. ಹೊಸಬರು ಹಿಂದಿನಿಂದ ನಗುತ್ತಿದ್ದರು. ನಗಲಿ ಎಂದು ಬಿಟ್ಟೆ. ಅವರಿಗೆ ಜಂಬ ಕೊಚ್ಚುವುದನ್ನು ನಿಲ್ಲಿಸಿ ಒಂದೇ ಮಾತು ಕಲಿಸಿದೆ: ಏನೆಂದು ಗೊತ್ತಿಲ್ಲದ ವಸ್ತುವನ್ನು ಮೊದಲು ಎಣಿಸಿ, ಆಮೇಲೆ ಅದರ ಒಡೆಯನನ್ನು ಕೇಳಿ. ಎಸೆಯುವುದು ಯಾವಾಗಲೂ ಮೂರನೆಯ ಕೆಲಸ.

2019ರ ಫೆಬ್ರವರಿ ಒಂದು ಶುಕ್ರವಾರ ಬಂದಿತ್ತು. ನಮಗೆ ರಜೆ. ಸಿಸಿಲಿಯಾ ಆಗ ನನ್ನ ಜೊತೆಗಿದ್ದಳು, ಅವಳಿಗೆ ಎಲ್ಲವನ್ನೂ ಹೇಳಿದ್ದೆ. ಇಬ್ಬರೂ ಬೆಳಿಗ್ಗೆ ರೂವಿಯ ಚರ್ಚಿಗೆ ಹೋದೆವು. ಸತ್ತವರಿಗಾಗಿ ಪೂಜೆ ಬರೆಸಬೇಕಾದರೆ ಕಚೇರಿಯ ಪುಸ್ತಕದಲ್ಲಿ ಹೆಸರು ಬರೆಸಬೇಕು. ಬರೆಯುತ್ತಿದ್ದ ಹೆಂಗಸು ಮಂಗಳೂರಿನವಳೇ. ಪೆನ್ನು ಹಿಡಿದು, “ಹೆಸರೆಂತದ್ದು ಅಂಕಲ್?” ಎಂದಳು. ಹೆಸರು ಗೊತ್ತಿಲ್ಲ ಎಂದೆ. ಹಾಗಾದರೆ ಎಂತ ಬರೆಯುವುದು ಎಂದು ನನ್ನ ಮುಖ ನೋಡಿದಳು. ನಾನು ಸಿಸಿಲಿಯಾಳ ಮುಖ ನೋಡಿದೆ. ಅವಳು ಮುಂದೆ ಬಾಗಿ, ಪುಸ್ತಕದ ಆ ಜಾಗದ ಮೇಲೆ ಬೆರಳಿಟ್ಟು ಹೇಳಿದಳು.

“ಒಬ್ಬ ಹೆಂಗಸು ಅಂತ ಬರೆಯಮ್ಮ.”